ಅಂಗಡಿ ಲೆಕ್ಕದ ಇನ್ನೊಂದು ಪ್ರತಿ ಎಲ್ಲಿದೆ?

ಮಾನ್ಯ ಸಂಪಾದಕರೇ,

ಅರಸೀಕೆರೆಯಲ್ಲಿ ನನ್ನದೊಂದು ಪಂಪ್‌ಸೆಟ್ ಮತ್ತು ಪೈಪಿನ ಅಂಗಡಿ ಇದೆ. 19 ವರ್ಷದಿಂದ ಗಲ್ಲಾದಲ್ಲಿ ಕೂರುವುದು ನಾನೇ. ನಮ್ಮ ಕಡೆ ವ್ಯಾಪಾರ ಅಂದ್ರೆ ಅರ್ಧ ಉದ್ರಿ. ಬೋರ್‌ವೆಲ್ ಮೋಟಾರು ಸುಟ್ಟ ದಿನವೇ ರೈತರ ಕೈಯಲ್ಲಿ ದುಡ್ಡು ಇರಬೇಕಲ್ಲ. ಮೋಟಾರು ಒಯ್ಯುತ್ತಾರೆ, ತಿಪಟೂರಿನಲ್ಲಿ ಕೊಬ್ಬರಿ ಮಾರಿದ ಮೇಲೆ ತಂದು ಕೊಡುತ್ತಾರೆ. ಆ ಲೆಕ್ಕವೆಲ್ಲ ಒಂದೇ ಕಂಪ್ಯೂಟರಿನಲ್ಲಿತ್ತು.

ಕಳೆದ ಆಷಾಢದ ಒಂದು ಸೋಮವಾರ ದೀಪ ಹಚ್ಚಿ ಕಂಪ್ಯೂಟರ್ ಆನ್ ಮಾಡಿದರೆ ಲೆಕ್ಕದ ಫೈಲ್ ತೆರೆಯಲೇ ಇಲ್ಲ. ಒಂದೊಂದು ಫೈಲಿನ ಹೆಸರಿನ ಹಿಂದೆಯೂ ಅರ್ಥವಿಲ್ಲದ ಅಕ್ಷರಗಳ ಬಾಲ. ಪಕ್ಕದಲ್ಲೇ ಇಂಗ್ಲಿಷಿನಲ್ಲಿ ಒಂದು ಚೀಟಿ: ಫೈಲುಗಳಿಗೆ ಬೀಗ ಹಾಕಿದ್ದೇವೆ, ಬೀಗದ ಕೈ ಬೇಕಿದ್ದರೆ ಬಿಟ್‌ಕಾಯಿನ್‌ನಲ್ಲಿ ಹಣ ಕಳಿಸಿ. ರ‍್ಯಾನ್ಸಮ್‌ವೇರ್ ಅನ್ನುವ ಪದ ಪೇಪರಿನಲ್ಲಿ ಓದಿದ್ದೆ. ದೆಹಲಿಯ ಏಮ್ಸ್ ಆಸ್ಪತ್ರೆಗೇ 2022ರ ನವೆಂಬರ್‌ನಲ್ಲಿ ಇದು ಬಡಿದು, ಎಷ್ಟೋ ದಿನ ಕಾಗದದ ಮೇಲೆ ಕೆಲಸ ನಡೆದಿತ್ತು. ನಮ್ಮಂಥ ಅಂಗಡಿಗೆ ಯಾರು ಬರ್ತಾರೆ ಅಂದುಕೊಂಡಿದ್ದೆ.

ಬ್ಯಾಕಪ್ ಇರಲಿಲ್ಲ ಅಂತಲ್ಲ. ದಿನಾ ರಾತ್ರಿ ತಾನಾಗಿಯೇ ಪ್ರತಿ ಮಾಡಿಕೊಳ್ಳುವ ಹಾರ್ಡ್ ಡಿಸ್ಕ್ ಇತ್ತು. ಆದರೆ ಆ ಡಿಸ್ಕಿನ ವೈರನ್ನು ವರ್ಷವಿಡೀ ಕಂಪ್ಯೂಟರಿನಿಂದ ತೆಗೆದೇ ಇರಲಿಲ್ಲ. ಕಂಪ್ಯೂಟರಿನ ಜೊತೆಗೆ ಅದಕ್ಕೂ ಬೀಗ ಬಿತ್ತು. ಕಳ್ಳರು ಬಂದ ದಾರಿ ಆಮೇಲೆ ಗೊತ್ತಾಯಿತು. ಲೆಕ್ಕ ಬರೆಯುವವರು ಮನೆಯಿಂದಲೇ ನೋಡಲಿ ಅಂತ ರಿಮೋಟ್ ಡೆಸ್ಕ್‌ಟಾಪ್ ತೆರೆದಿಟ್ಟಿದ್ದೆವು. ಪಾಸ್‌ವರ್ಡ್ ಏನು? ಅಂಗಡಿಯ ಹೆಸರು, ಮುಂದೆ 123. ಇಂಥ ತೆರೆದ ಬಾಗಿಲನ್ನು ಹಗಲೂ ರಾತ್ರಿ ಹುಡುಕುವ ಪ್ರೋಗ್ರಾಂಗಳಿವೆಯಂತೆ. ಅಂಗಡಿ ಸಣ್ಣದೋ ದೊಡ್ಡದೋ ಅವು ನೋಡುವುದಿಲ್ಲ.

ಹಣ ಕಳಿಸಲಿಲ್ಲ. ಕೊಟ್ಟ ಮೇಲೂ ಬೀಗ ತೆಗೆಯುತ್ತಾರೆ ಅನ್ನುವುದಕ್ಕೆ ಏನು ಖಾತ್ರಿ? ಪೊಲೀಸರಿಗೆ ದೂರು ಕೊಟ್ಟೆ. ಖರೀದಿ ಲೆಕ್ಕ ಜಿಎಸ್‌ಟಿ ಪೋರ್ಟಲ್‌ನಿಂದ ವಾಪಸ್ ಸಿಕ್ಕಿತು, ಮಾರಿದವರು ಅಲ್ಲಿ ಬಿಲ್ ಏರಿಸಿರುತ್ತಾರಲ್ಲ. ಆದರೆ ರೈತರಿಗೆ ಕೊಟ್ಟ ಬಿಲ್‌ಗಳು ಅಲ್ಲಿ ಒಟ್ಟು ಮೊತ್ತವಾಗಿ ಮಾತ್ರ ಇರುತ್ತವೆ. ಯಾರದು ಎಷ್ಟು ಅಂತ ಇರುವುದಿಲ್ಲ. ಉದ್ರಿ ಹೋಯಿತು.

ಸುದ್ದಿ ಹಬ್ಬಿದ ಮೇಲೆ ರೈತರೇ ಒಬ್ಬೊಬ್ಬರಾಗಿ ಬಂದರು. ಬಾಣಾವರದ ಕಡೆಯ ಹಿರಿಯರೊಬ್ಬರು ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, ನಾಲ್ಕು ಮಡಿಕೆ ಮಾಡಿದ್ದ ನಮ್ಮ ಬಿಲ್ಲನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಮಡಿಕೆಯಲ್ಲಿ ಹರಿದಿತ್ತು, ಅಕ್ಷರ ಮಾಸಿತ್ತು, ಕೆಳಗಿನ ಮೊತ್ತ ಮಾತ್ರ ಕಾಣುತ್ತಿತ್ತು. ‘ನಂದು ಇಷ್ಟೇ ಅಲ್ವಾ, ಬರ್ಕೊಳಮ್ಮ’ ಅಂದರು. ನನಗೆ ಮಾತೇ ಹೊರಡಲಿಲ್ಲ. ಮುಕ್ಕಾಲು ಪಾಲು ಲೆಕ್ಕ ಹೀಗೆ ಕೂಡಿತು. ಉಳಿದದ್ದನ್ನು ಬಿಟ್ಟಿದ್ದೇನೆ.

ದುಡ್ಡಿಗಿಂತ ಜಾಸ್ತಿ ನಿದ್ದೆ ಕೆಡಿಸಿದ್ದು ಬೇರೆ. ಹನಿ ನೀರಾವರಿ ಸಬ್ಸಿಡಿಗೆ ಅಂತ ರೈತರು ಕೊಟ್ಟ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳು ಅದೇ ಕಂಪ್ಯೂಟರಿನಲ್ಲಿದ್ದವು. ಬೀಗ ಹಾಕಿದವರು ಅವನ್ನು ಕದ್ದುಕೊಂಡೂ ಹೋಗಿರಬಹುದು. ನೆನಪಿಗೆ ಬಂದವರಿಗೆಲ್ಲ ಫೋನ್ ಮಾಡಿ ನಡೆದದ್ದು ಹೇಳಿದೆ. ಯಾರು ಕೇಳಿದರೂ ಓಟಿಪಿ ಕೊಡಬೇಡಿ, ಖಾತೆಯಿಂದ ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂದೆ. ಕೆಲಸ ಮುಗಿದ ಮೇಲೆ ಆ ಪ್ರತಿಗಳನ್ನು ಅಳಿಸಿಬಿಡಬೇಕಿತ್ತು. ಸುಮ್ನೆ ಇಟ್ಟುಕೊಂಡಿದ್ದೆ.

ಈಗ ಎರಡು ಡಿಸ್ಕ್ ಇವೆ. ಸಂಜೆ ಒಂದಕ್ಕೆ ಪ್ರತಿ ಮಾಡಿ, ವೈರ್ ಕಿತ್ತು, ಮನೆಗೆ ಒಯ್ದು ಬೀರುವಿನಲ್ಲಿ ಇಡುತ್ತೇನೆ. ಮರುದಿನ ಇನ್ನೊಂದರ ಸರದಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಮಗಳ ಲ್ಯಾಪ್‌ಟಾಪಿನಲ್ಲಿ ತೆರೆದು, ಕೊನೆಯ ಬಿಲ್ ಇದೆಯಾ ಅಂತ ಕಣ್ಣಾರೆ ನೋಡುತ್ತೇನೆ. ರಿಮೋಟ್ ಡೆಸ್ಕ್‌ಟಾಪ್ ಮುಚ್ಚಿಸಿದೆ. ನಮ್ಮ ಪೇಟೆಯ ಎಷ್ಟೋ ಅಂಗಡಿಗಳಲ್ಲಿ ಇನ್ನೂ ವಿಂಡೋಸ್ 10 ಓಡುತ್ತಿದೆ. ಅದಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿತು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ ಇಂಥದ್ದೇ ರ‍್ಯಾನ್ಸಮ್‌ವೇರ್ ಜಗತ್ತಿನ ಲಕ್ಷಾಂತರ ಕಂಪ್ಯೂಟರಿಗೆ ಬೀಗ ಹಾಕಿತಲ್ಲ, ಅದು ವಿಂಡೋಸ್‌ನಲ್ಲಿ ನುಗ್ಗಿದ ತೂತು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮೊದಲೇ ಬಂದಿತ್ತು. ಹಾಕಿಕೊಳ್ಳದವರಿಗೇ ಜಾಸ್ತಿ ಪೆಟ್ಟು ಬಿತ್ತು.

ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನ್ ಕೊಡುವ ಕೊನೆ ದಿನದಿಂದ 72 ತಿಂಗಳು ಲೆಕ್ಕ ಕಾಪಾಡಬೇಕು. ಕಾಪಾಡುವುದು ಹೇಗೆ ಅಂತ ನಮಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಪ್ರತಿ ಊರಿನ ವರ್ತಕರ ಸಂಘ, ಲೆಕ್ಕ ಬರೆಯುವವರು, ಜಿಲ್ಲೆಯ ಸೈಬರ್ ಠಾಣೆ ಸೇರಿ ಅರ್ಧ ದಿನ ಇದನ್ನು ಕನ್ನಡದಲ್ಲೇ ಮಾಡಿ ತೋರಿಸಬೇಕು. ನಮ್ಮೂರಿನಲ್ಲಿ ಮಾಡುವುದಾದರೆ ನನ್ನ ಅಂಗಡಿಯ ಮಹಡಿ ಖಾಲಿ ಇದೆ. ಐವತ್ತು ಜನ ಕೂರಬಹುದು, ಕುರ್ಚಿ ನಾನೇ ಹಾಕಿಸುತ್ತೇನೆ.

– ಪಂಪ್‌ಸೆಟ್ ಅಂಗಡಿ ಮಾಲೀಕರು, ಅರಸೀಕೆರೆ