ರಾಜಕೀಯ ಬೆಂಚಿನ ಮೇಲಿರಲಿ, ಗುಂಪಿನಲ್ಲಿ ಬೇಡ

ಗೆಳೆಯರೇ, ನಿನ್ನೆ ರಾತ್ರಿ ನಮ್ಮ ಈ ಮೊಬೈಲ್ ಗುಂಪಿನಲ್ಲಿ ರಾಜಕೀಯದ ಮೇಲೆ ನಡೆದ ಜಗಳ ನೋಡಿ ಇದನ್ನು ಬರೆಯುತ್ತಿದ್ದೇನೆ. ರಾಜಕೀಯ ಮಾತಾಡಲೇಬೇಡಿ ಅಂತ ಹೇಳುತ್ತಿಲ್ಲ. ನಾವೆಲ್ಲ ತುರ್ತು ಪರಿಸ್ಥಿತಿ ನೋಡಿದವರು, ಓಟು ಹಾಕೋಕೆ ಆಗಿನ ನಿಯಮದಂತೆ 21 ವರ್ಷ ತುಂಬಲಿ ಅಂತ ಕಾದವರು, 1983ರಲ್ಲಿ ರಾಜ್ಯಕ್ಕೆ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ ರೇಡಿಯೋ ಬಿಟ್ಟು ಏಳದವರು. ಬಾಯಿ ಮುಚ್ಚಿಕೊಂಡು ಇರೋಕೆ ಆಗುತ್ತಾ? ಆದರೆ ಆ ಮಾತು ಬೆಳಗ್ಗೆ ಅಮಾನಿಕೆರೆ ವಾಕಿಂಗ್ ಮುಗಿಸಿ ಬೆಂಚಿನ ಮೇಲೆ ಕೂತಾಗ ಆಗಲಿ. ಅಲ್ಲಿ ಎಷ್ಟು ಬೈದುಕೊಂಡರೂ ತಟ್ಟೆ ಇಡ್ಲಿ ಬಂದ ತಕ್ಷಣ ಮರೆತುಹೋಗುತ್ತದೆ. ಇಲ್ಲಿ ಬರೆದದ್ದು ಹಾಗೇ ಉಳಿಯುತ್ತದೆ.

ಮನೆಯಲ್ಲೂ ಅಷ್ಟೇ. ಓಟಿನ ವಿಷಯದಲ್ಲಿ ಮಗನಿಗೂ ನನಗೂ ಸರಿ ಬರುವುದಿಲ್ಲ. ಊಟಕ್ಕೆ ಕೂತಾಗ ಅವನು ಟೀವಿ ಆಫ್ ಮಾಡುತ್ತಾನೆ, ನಾನು ಸುಮ್ನೆ ಮುದ್ದೆ ಮುರಿಯುತ್ತೇನೆ. ಸೊಸೆ ಯಾರಿಗೆ ಹಾಕುತ್ತಾಳೋ ಇವತ್ತಿಗೂ ಬಾಯಿ ಬಿಟ್ಟಿಲ್ಲ, ಜಾಣೆ.

ಇನ್ನೊಂದು ಮುಖ್ಯ ವಿಷಯ. ನವೆಂಬರ್ ಬರುತ್ತಿದೆ, ಪಿಂಚಣಿಯವರು ಜೀವಂತ ಪ್ರಮಾಣಪತ್ರ ಕೊಡಬೇಕು. ನಾವು ಬದುಕಿದ್ದೇವೆ ಅಂತ ವರ್ಷವರ್ಷ ತೋರಿಸಬೇಕು, ನಮ್ಮ ನಾಯಕರಿಗೆ ಮಾತ್ರ ನಿವೃತ್ತಿಯೇ ಇಲ್ಲ, ಅಲ್ವಾ! ಬೆರಳಿನ ಗೆರೆ ಸವೆದು ಯಂತ್ರ ಒಪ್ಪದಿದ್ದರೆ ಬೇಜಾರಾಗಬೇಡಿ, ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಗೊತ್ತಾಗದವರು ಭಾನುವಾರ ಆಧಾರ್ ಮತ್ತು ಪಿಂಚಣಿ ಆದೇಶದ ಪ್ರತಿ ಹಿಡಿದು ನಮ್ಮ ಮನೆಗೆ ಬನ್ನಿ, ಮೊಮ್ಮಗಳು ಮಾಡಿಕೊಡುತ್ತಾಳೆ. ಯಾರಾದರೂ ಫೋನ್ ಮಾಡಿ ಒಟಿಪಿ ಕೇಳಿದರೆ ಮಾತ್ರ ಹೇಳಬೇಡಿ, ಎಷ್ಟೇ ಮರ್ಯಾದೆಯಿಂದ ‘ಸರ್’ ಅಂದರೂ.