ತೋಟ ಅಡವಿಡಬೇಡಿ, ಭಾವ

ಬ್ಲೂಮಿಂಗ್‌ಟನ್, ಇಂಡಿಯಾನಾ
3 ಮೇ 2025, ಶನಿವಾರ

ಪೂಜ್ಯ ಭಾವನವರಿಗೆ ಮಂಜು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಲ್ಲಿ ಅಕ್ಕ, ಅಮ್ಮ, ಪುಟ್ಟಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಗೌರಿ ಕರು ಹಾಕಿದ ಸುದ್ದಿ ತಿಳಿದು ಸಂತೋಷವಾಯಿತು.

ನಿಮ್ಮ ಪತ್ರ ಗುರುವಾರ ಕೈ ಸೇರಿತು. ಕೆರೆ ಹಿಂದಿನ ತೋಟವನ್ನು ಅಡವಿಡಲು ಪಹಣಿ ತೆಗೆಸಿ ಇಟ್ಟಿದ್ದೀರೆಂದು ಕೊನೆಯ ಪುಟದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದ ಸಾಲನ್ನು ಎರಡು ಸಲ ಓದಿದೆ. ಈ ಪತ್ರವನ್ನು ಪೂರ್ತಿ ಓದುವವರೆಗೆ ದಯವಿಟ್ಟು ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಫೋನಿನಲ್ಲಿಯೇ ಹೇಳಬಹುದಿತ್ತು, ಆದರೆ ನೀವು ಫೋನ್ ಎತ್ತಿದಾಗಲೆಲ್ಲ ಪುಟ್ಟಿ ಪಕ್ಕದಲ್ಲೇ ಇರುತ್ತಾಳೆ, ಅವಳೆದುರು ನೀವೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ, ನಾನೂ ಮಾತಾಡುವುದಿಲ್ಲ. ಪತ್ರ ಬರಲು ಎರಡು ವಾರವಾದೀತು, ಆದ್ದರಿಂದ ಇದರ ಫೋಟೊವನ್ನು ಈಗಲೇ ಅಕ್ಕನ ಫೋನಿಗೂ ಕಳಿಸುತ್ತೇನೆ.

ಪುಟ್ಟಿಗೆ ಇಲ್ಲಿಯ ಕಾಲೇಜೊಂದರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಸ್ಥಾನ ಕೊಡುತ್ತೇನೆಂದಿದ್ದ ಕೋಚ್ ಆ ಕಾಲೇಜು ಬಿಟ್ಟು ಬೇರೆ ಕಾಲೇಜಿಗೆ ಹೋಗಿದ್ದು ನಿಮಗೆ ಮೋಸದಂತೆ ಕಂಡಿದೆ. ಭಾವ, ಇಲ್ಲಿ ಅದು ಮೋಸವಲ್ಲ, ಪ್ರತಿವರ್ಷ ಮಾರ್ಚ್ ಏಪ್ರಿಲ್‌ನಲ್ಲಿ ನಡೆಯುವ ಸಂಗತಿ. ನಾನಿರುವ ಈ ಊರನ್ನೇ ನೋಡಿ. ಸುಮಾರು 80 ಸಾವಿರ ಜನಸಂಖ್ಯೆಯ ಊರಿನಲ್ಲಿ ಬ್ಯಾಸ್ಕೆಟ್‌ಬಾಲ್‌ಗೆಂದೇ 17,222 ಆಸನಗಳ ಅಸೆಂಬ್ಲಿ ಹಾಲ್ ಇದೆ. ನಮ್ಮಲ್ಲಿ ಜಾತ್ರೆಗೆ ಸೇರುವಷ್ಟು ಜನ ಇಲ್ಲಿ ಕಾಲೇಜು ಹುಡುಗರ ಆಟಕ್ಕೆ ಸೇರುತ್ತಾರೆ. ಆಟಗಾರರು ಅಂಗಳಕ್ಕಿಳಿಯುವಾಗ ಕೆಂಪು ಬಿಳಿ ಪಟ್ಟೆಯ, ಪೈಜಾಮದಂಥ ಷರಾಯಿ ತೊಟ್ಟು ಬರುತ್ತಾರೆ. ನೀವು ನೋಡಿದರೆ ನಗುತ್ತೀರಿ, ನಾನೂ ಮೊದಲು ನಕ್ಕಿದ್ದೆ, ಈಗ ಯಾರಾದರೂ ನಕ್ಕರೆ ಸಿಟ್ಟು ಬರುತ್ತದೆ. ಅಂಗಿಯ ಬೆನ್ನ ಮೇಲೆ ಆಟಗಾರನ ಹೆಸರು ಇರುವುದಿಲ್ಲ, ಇಂಡಿಯಾನಾ ಎಂಬುದಷ್ಟೇ ಮುಖ್ಯವೆಂಬುದು ಇಲ್ಲಿಯ ಹಳೆಯ ಸಂಪ್ರದಾಯ. ಕಳೆದ ಮಾರ್ಚ್‌ನಲ್ಲಿ ಮೈಕ್ ವುಡ್ಸನ್ ಜಾಗಕ್ಕೆ ಡೇರಿಯನ್ ಡೆವ್ರೀಸ್ ಎಂಬ ಹೊಸ ಕೋಚ್ ವೆಸ್ಟ್ ವರ್ಜೀನಿಯಾದಿಂದ ಬಂದರು. ಅವರು ಬಂದದ್ದೇ ತಡ, ಹಳೆಯ ತಂಡ ಸಂತೆ ಮುಗಿದ ಮೈದಾನದಂತೆ ಖಾಲಿಯಾಯಿತು. ಕೋಚ್ ಮಗ ಟಕರ್ ತಂದೆಯ ಜೊತೆಗೆ ಡ್ರೇಕ್ ಕಾಲೇಜಿನಿಂದ ವೆಸ್ಟ್ ವರ್ಜೀನಿಯಾಕ್ಕೆ, ಅಲ್ಲಿಂದ ಇಲ್ಲಿಗೆ ಬಂದಿದ್ದಾನೆ. ನಮ್ಮ ಪಕ್ಕದ ಮನೆಯ ಮುದುಕರು ನಲವತ್ತು ವರ್ಷದಿಂದ ಒಂದು ಪಂದ್ಯವನ್ನೂ ಬಿಟ್ಟವರಲ್ಲ. ಈಗ ಬೆಳಿಗ್ಗೆ ಹೊಸ ಹುಡುಗರ ಹೆಸರುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿರುತ್ತಾರೆ.

ಈ ವ್ಯವಸ್ಥೆಗೆ ಟ್ರಾನ್ಸ್‌ಫರ್ ಪೋರ್ಟಲ್ ಎನ್ನುತ್ತಾರೆ. ವರ್ಗಾವಣೆ ಕೌನ್ಸೆಲಿಂಗಿಗೆ ಮೂರು ಸಲ ಹೋಗಿ ಬಂದಿರುವ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪೋರ್ಟಲ್ ಎಂದರೆ ಕಾಲೇಜು ಬದಲಿಸಲು ಬಯಸುವವರ ಹೆಸರಿನ ಪಟ್ಟಿ, ಅಷ್ಟೇ. 2018ರ ಅಕ್ಟೋಬರ್ 15ರಿಂದ ಇದೆ. ಅದಕ್ಕೂ ಮೊದಲು ಆಟಗಾರರು ತಮ್ಮ ಕಾಲೇಜಿನ ಅನುಮತಿಯಿಲ್ಲದೆ ಬೇರೆ ಕೋಚ್ ಜೊತೆ ಮಾತಾಡುವಂತಿರಲಿಲ್ಲ, ಬ್ಯಾಸ್ಕೆಟ್‌ಬಾಲ್‌ನಲ್ಲಾದರೆ ಹೋದ ಮೇಲೂ ಒಂದು ವರ್ಷ ಪಂದ್ಯವಾಡದೆ ಕೂರಬೇಕಿತ್ತು. 2021ರಲ್ಲಿ ಮೊದಲ ಸಲ ಬದಲಿಸುವವರಿಗೆ ಆ ಒಂದು ವರ್ಷದ ವನವಾಸವನ್ನು ತೆಗೆದರು. 2023ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟ ಮೇಲೆ, 2024ರ ಏಪ್ರಿಲ್‌ನಲ್ಲಿ, ಓದು ಸರಿಯಿದ್ದವರು ಎಷ್ಟು ಸಲ ಬೇಕಾದರೂ ಬದಲಿಸಿ ಕೂಡಲೇ ಆಡಬಹುದೆಂದು ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಒಪ್ಪಿಕೊಂಡಿತು. ಈ ವರ್ಷ ಪಟ್ಟಿಗೆ ಹೆಸರು ಸೇರಿಸಲು 30 ದಿನಗಳ ಅವಕಾಶವಿತ್ತು, ಅದು ಮುಗಿದಿದೆ. ಆದರೆ ಮುಖ್ಯ ಕೋಚ್ ಬಿಟ್ಟುಹೋದ ತಂಡದವರಿಗೆ ಬೇರೆಯಾಗಿ ಇನ್ನೂ 30 ದಿನ ಸಿಗುತ್ತದೆ. ಪುಟ್ಟಿ ಸೇರಬೇಕಿದ್ದ ತಂಡದ ಹುಡುಗಿಯರು ಒಬ್ಬೊಬ್ಬರಾಗಿ ಹೋಗುತ್ತಿರುವುದು ಇದೇ ಕಾರಣಕ್ಕೆ. ಆ ತಂಡ ಮುಳುಗುತ್ತಿದೆ ಎಂದೇನೂ ಇದರ ಅರ್ಥವಲ್ಲ.

ನಮಗೆ ತೊಂದರೆಯಿರುವುದು ಬೇರೆ ಕಡೆ. ಮೂರು ವರ್ಷ ಆಡಿ ಪಳಗಿದ ಇಪ್ಪತ್ತೊಂದರ ಹುಡುಗಿ ಪಟ್ಟಿಯಲ್ಲಿ ಸಿಗುವಾಗ, ಪಿಯುಸಿ ಮುಗಿಸಿದ ಹದಿನೆಂಟರ ಹುಡುಗಿಯನ್ನು ತಿದ್ದಿ ಬೆಳೆಸುವ ತಾಳ್ಮೆ ಎಷ್ಟು ಕೋಚ್‌ಗಳಿಗೆ ಇದ್ದೀತು? ಅದರಲ್ಲಿಯೂ ಅವಳ ಆಟವನ್ನು ವಿಡಿಯೊದಲ್ಲಿ ಮಾತ್ರ ನೋಡಿದವರಿಗೆ? ಹಾಗಾಗಿ ಎಂಥ ದೊಡ್ಡ ಕಾಲೇಜು ಎನ್ನುವುದಕ್ಕಿಂತ ಅಲ್ಲಿ ಯಾವ ಜಾಗ ಖಾಲಿಯಿದೆ ಎಂಬುದನ್ನೇ ನಾವು ಮೊದಲು ನೋಡಬೇಕು.

ನಿಮ್ಮನ್ನು ಒಂದು ವರ್ಷ ಗಣಿತದ ಪೀರಿಯಡ್ಡಿಗೆ ಹಾಕಿದ್ದರಲ್ಲ, ನೆನಪಿದೆಯೇ? ಕನ್ನಡ ಮೇಷ್ಟ್ರು ಕರಿಹಲಗೆಯ ಮುಂದೆ ಬೀಜಗಣಿತ ಹಿಡಿದು ನಿಂತ ಆ ವರ್ಷ ನೀವೂ ಸೊರಗಿದಿರಿ, ಮಕ್ಕಳೂ ಸೊರಗಿದರು. ಹೇಲಿ ವ್ಯಾನ್ ಲಿತ್ ಎಂಬ ಹುಡುಗಿಗೆ ಇಲ್ಲಿ ಆದದ್ದು ಅದೇ. ಲೂಯಿವಿಲ್ ತಂಡದಲ್ಲಿ ಮೂರು ವರ್ಷ ಆಡಿ, ಕೊನೆಯ ವರ್ಷ ಪಂದ್ಯಕ್ಕೆ ಸರಾಸರಿ 19.7 ಅಂಕ ಗಳಿಸಿದ್ದಳು. 2023ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್) ವಿಶ್ವವಿದ್ಯಾಲಯಕ್ಕೆ ಹೋದಳು. ಆ ತಂಡದಲ್ಲಿ ಅಂಕ ಗಳಿಸುವವರು ಬೇಕಾದಷ್ಟಿದ್ದರು. ಖಾಲಿಯಿದ್ದದ್ದು ಚೆಂಡನ್ನು ತಂದು ಹಂಚುವ ಪಾಯಿಂಟ್ ಗಾರ್ಡ್ ಜಾಗ, ಅವಳನ್ನು ಅಲ್ಲಿ ನಿಲ್ಲಿಸಿದರು. ಸರಾಸರಿ 11.6ಕ್ಕೆ ಇಳಿಯಿತು, ಹುಡುಗಿ ಮುಗಿದಳೆಂದು ಎಲ್ಲರೂ ಆಡಿಕೊಂಡರು. ಮರುವರ್ಷ ಟೆಕ್ಸಾಸಿನ ಟಿಸಿಯು ಎಂಬ ವಿಶ್ವವಿದ್ಯಾಲಯಕ್ಕೆ ಹೋದಳು. ಈ ಟಿಸಿಯು ಎಂಥ ತಂಡವೆಂದರೆ, 2024ರ ಜನವರಿಯಲ್ಲಿ ಗಾಯಗಳಿಂದಾಗಿ ಆಡಲು ಹುಡುಗಿಯರೇ ಉಳಿಯದೆ ಎರಡು ಪಂದ್ಯಗಳನ್ನು ಬಿಟ್ಟುಕೊಟ್ಟು, ಕಾಲೇಜಿನಲ್ಲಿ ಯಾರು ಬೇಕಾದರೂ ಬಂದು ಆಡಿ ತೋರಿಸಿ ಎಂದು ಕರೆ ಕೊಟ್ಟಿತ್ತು; ಆಗ ವಾಲಿಬಾಲ್ ತಂಡದ ಹುಡುಗಿಯೊಬ್ಬಳೂ ಬಂದು ಸೇರಿದಳು. ನಮ್ಮ ಊರಿನ ಗಣೇಶೋತ್ಸವದ ನಾಟಕಕ್ಕೆ ಪಾತ್ರಧಾರಿ ಬಾರದಿದ್ದಾಗ ಹಾರ್ಮೋನಿಯಂನವನಿಗೆ ಬಣ್ಣ ಹಚ್ಚಿದ ಹಾಗೆ! ಅದೇ ತಂಡಕ್ಕೆ ವ್ಯಾನ್ ಲಿತ್ ಹೋದಾಗ ಕೋಚ್ ಮಾರ್ಕ್ ಕ್ಯಾಂಪ್‌ಬೆಲ್ ಚೆಂಡನ್ನು ಅವಳ ಕೈಗೇ ಕೊಟ್ಟರು. ಅಲ್ಲಿಯೂ ಚೆಂಡು ಹಂಚುವ ಕೆಲಸವೇ, ಆದರೆ ಈ ಸಲ ಆಟವನ್ನೇ ಅವಳ ಸುತ್ತ ಹೆಣೆದಿದ್ದರು. ಬುಟ್ಟಿಯ ಬಳಿ 6 ಅಡಿ 7 ಅಂಗುಲದ ಸೆಡೋನಾ ಪ್ರಿನ್ಸ್ ನಿಂತಿರುತ್ತಿದ್ದಳು, ಇಬ್ಬರ ಹೊಂದಾಣಿಕೆ ಎತ್ತು ಜೋಡಿಯಂತಿತ್ತು. ಟಿಸಿಯು ತನ್ನ ಕಾಲೇಜು ಕೂಟವಾದ ಬಿಗ್ 12 ಅನ್ನು ಗೆದ್ದು, ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರಲ್ಲಿ ಒಂದಾಯಿತು. ಕಳೆದ ತಿಂಗಳು ವೃತ್ತಿಪರ ಲೀಗಿನ ಷಿಕಾಗೊ ಸ್ಕೈ ತಂಡ ಹೊಸ ಆಟಗಾರ್ತಿಯರ ಆಯ್ಕೆಯಲ್ಲಿ ಅವಳನ್ನು 11ನೆಯವಳಾಗಿ ಆರಿಸಿಕೊಂಡಿತು.

ಹುಡುಗರ ಕಡೆ ಏಪ್ರಿಲ್ 7ರಂದು ರಾಷ್ಟ್ರೀಯ ಟೂರ್ನಿಯ ಫೈನಲ್‌ನಲ್ಲಿ ಹ್ಯೂಸ್ಟನ್ ತಂಡವನ್ನು 65–63ರಿಂದ ಸೋಲಿಸಿದ ಫ್ಲಾರಿಡಾದ್ದೂ ಇದೇ ಕತೆ. ಅವರ ಮೂವರು ಗಾರ್ಡ್‌ಗಳು ಅಯೋನಾ, ಫ್ಲಾರಿಡಾ ಅಟ್ಲಾಂಟಿಕ್, ಬೆಲ್ಮಾಂಟ್ ಎಂಬ ಸಣ್ಣ ಕಾಲೇಜುಗಳಿಂದ ಬಂದವರು. ಅವರಲ್ಲಿ ವಾಲ್ಟರ್ ಕ್ಲೇಟನ್ ಮೊದಲರ್ಧದಲ್ಲಿ ಒಂದು ಅಂಕವನ್ನೂ ಗಳಿಸಲಿಲ್ಲ. ಆದರೆ ಕೊನೆಯ ಕ್ಷಣದಲ್ಲಿ ಎದುರಾಳಿ ಗೆಲುವಿನ ಎಸೆತಕ್ಕೆ ಜಿಗಿದಾಗ ಈತ ಎಷ್ಟು ವೇಗವಾಗಿ ಮೇಲೆರಗಿದನೆಂದರೆ ಅವನು ಗಾಳಿಯಲ್ಲೇ ಚೆಂಡನ್ನು ಕೈಬಿಟ್ಟ, ಬಿದ್ದ ಚೆಂಡನ್ನು ನಿಯಮದಂತೆ ಮತ್ತೆ ಮುಟ್ಟುವಂತಿರಲಿಲ್ಲ. ಪಕ್ಕದ ಮನೆಯ ಮುದುಕರು ಕುರ್ಚಿಯಿಂದ ಎದ್ದು ನಿಂತವರು ಕೂರಲೇ ಇಲ್ಲ.

ಈಗ ನಮ್ಮ ಪುಟ್ಟಿ. ಅವಳು 5 ಅಡಿ 11 ಅಂಗುಲ. ಹಾಸ್ಟೆಲಿನಲ್ಲಿ ಎಲ್ಲರಿಗಿಂತ ಎತ್ತರವೆಂದು ಅವಳನ್ನು ಮೊದಲಿನಿಂದಲೂ ಪಿವಟ್ ಮಾಡಿ ಬುಟ್ಟಿಯ ಕೆಳಗೆ ನಿಲ್ಲಿಸಿದ್ದಾರೆ. ನಾನು ಆ ಕಾಲೇಜಿನ ತಂಡದ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡು ಎಣಿಸಿದೆ. ಇರುವ 15 ಸ್ಕಾಲರ್‌ಶಿಪ್‌ಗಳಲ್ಲಿ ಹೊಸ ಕೋಚ್ ಈಗಾಗಲೇ ಹನ್ನೆರಡನ್ನು ತುಂಬಿಸಿದ್ದಾರೆ. ಅವರಲ್ಲಿ ಐವರು 6 ಅಡಿ 2 ಅಂಗುಲಕ್ಕೂ ಮೇಲ್ಪಟ್ಟವರು, ಐವರೂ ಅದೇ ಬುಟ್ಟಿಯ ಕೆಳಗಿನವರು. ಅಲ್ಲಿ ಪುಟ್ಟಿ ನಾಲ್ಕು ವರ್ಷ ಚಪ್ಪಾಳೆ ತಟ್ಟುತ್ತ ಕೂರಬೇಕಾದೀತು. ಹಳೆಯ ಕೋಚ್‌ಗೆ ನಾನು ಇ-ಮೇಲ್ ಬರೆದೆ, ಎರಡೇ ದಿನಕ್ಕೆ ಉತ್ತರ ಬಂತು. ತಮ್ಮ ಹೊಸ ಕಾಲೇಜಿನಲ್ಲಿ ಪಕ್ಕದಿಂದ ಆಡುವ, ದೂರದಿಂದಲೂ ಎಸೆಯಬಲ್ಲ ಹುಡುಗಿಯ ಜಾಗ ಖಾಲಿಯಿದೆಯಂತೆ. ಪುಟ್ಟಿಯ ಕೈ ಚೆನ್ನಾಗಿದೆ, ಆದರೆ ಅವಳು ದೂರದಿಂದ ಎಸೆದದ್ದನ್ನು ತಾವು ನೋಡಿಯೇ ಇಲ್ಲ ಎಂದಿದ್ದಾರೆ. ನೇರವಾದ ಮಾತು, ನನಗೆ ಹಿಡಿಸಿತು.

ಆದ್ದರಿಂದ ಪುಟ್ಟಿಗೆ ಹೇಳಿ: ಮೂರು ಅಂಕದ ಗೆರೆಯ ಹೊರಗಿನಿಂದ ಒಂದೇ ಸಮನೆ ನೂರು ಎಸೆತ ಎಸೆದು ವಿಡಿಯೊ ಮಾಡಿ ಕಳಿಸಲಿ. ಗೆರೆಯ ದೂರ ಅಲ್ಲಿಯೂ ಇಲ್ಲಿಯೂ 6.75 ಮೀಟರ್, ಚೆಂಡಿನ ಅಳತೆಯೂ ಅದೇ, ಹತ್ತು ನಿಮಿಷದ ನಾಲ್ಕು ಕ್ವಾರ್ಟರ್‌ಗಳೂ ಅವೇ. ಅಮೆರಿಕವೆಂದು ಅವಳು ಬೆದರಬೇಕಿಲ್ಲ. ತಪ್ಪಿದ ಎಸೆತಗಳನ್ನು ಕತ್ತರಿಸಬಾರದು, ಸ್ನೇಹಿತೆಯರು ಹೇಳಿದರೆಂದು ಹಿನ್ನೆಲೆಗೆ ಸಿನಿಮಾ ಹಾಡು ಸೇರಿಸಬಾರದು. ನೂರಕ್ಕೆ ಮೂವತ್ತೈದು ಬಿದ್ದರೂ ಸಾಕು, ನಾನು ಮಾತಾಡುತ್ತೇನೆ. ಬೆಂಗಳೂರಿನ ಸಂಜನಾ ರಮೇಶ್ ಇಲ್ಲಿಗೆ ಬಂದು ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಆಡಿದವರು ಎಂಬುದನ್ನೂ ಅವಳಿಗೆ ನೆನಪಿಸಿ.

ಇನ್ನು ಆ ಏಜೆಂಟ್ ವಿಷಯ. ಸ್ಕಾಲರ್‌ಶಿಪ್ ಕೊಡಿಸಿದರೆ ಅದರಲ್ಲಿ ನೂರಕ್ಕೆ ಹತ್ತು ತನಗೆ, ಅದನ್ನೂ ಮುಂಗಡವಾಗಿ ಕೊಡಿ ಎಂದನಂತೆ. ಅವನಿಗೆ ಕೊಡಲೆಂದೇ ನೀವು ತೋಟಕ್ಕೆ ಕೈಹಾಕಿದ್ದು ಎಂದು ನನಗೆ ಗೊತ್ತಾಗುತ್ತದೆ. ಭಾವ, ಒಂದು ರೂಪಾಯಿಯನ್ನೂ ಕೊಡಬೇಡಿ. ಆಟದ ವಿಡಿಯೊ ಮಾಡಿ ಕಾಲೇಜುಗಳಿಗೆ ಕಳಿಸಿಕೊಟ್ಟದ್ದಕ್ಕೆ ಇಷ್ಟೆಂದು ನಿಗದಿಯಾದ ಶುಲ್ಕ ಪಡೆಯುವುದು ಬೇರೆ; ಸ್ಕಾಲರ್‌ಶಿಪ್ ಕೊಡಿಸಿದ್ದಕ್ಕೆಂದು ಶುಲ್ಕ ಪಡೆದರೆ ಎನ್‌ಸಿಎಎ ನಿಯಮದಲ್ಲಿ ಅವನು ಆಟಗಾರ್ತಿಯ ದಲ್ಲಾಳಿ ಎನಿಸಿಕೊಳ್ಳುತ್ತಾನೆ, ಅದರಿಂದ ಹುಡುಗಿಯ ಆಡುವ ಅರ್ಹತೆಗೇ ಕುತ್ತು. ಹಣ ಕೊಟ್ಟು ಅನರ್ಹತೆ ಕೊಂಡ ಹಾಗಾಗುತ್ತದೆ.

ನಿಮ್ಮ ಕೈಯಲ್ಲಿರುವ ಕಾಗದವನ್ನೂ ಇನ್ನೊಮ್ಮೆ ನೋಡಿ. ಅದು ಕೋಚ್ ಬರೆದ ಇ-ಮೇಲ್ ಮಾತ್ರವಾಗಿದ್ದರೆ ಅದಕ್ಕೆ ಬೆಲೆಯಿಲ್ಲ, ಅವರೊಂದಿಗೇ ಹೋಯಿತು. ಹಿಂದೆ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಪತ್ರವಿತ್ತು, ಕಳೆದ ಅಕ್ಟೋಬರ್‌ನಲ್ಲಿ ಅದನ್ನೂ ರದ್ದು ಮಾಡಿದರು. ಈಗ ಲೆಕ್ಕಕ್ಕೆ ಬರುವುದು ಕಾಲೇಜು ಸಹಿ ಹಾಕಿದ ಆರ್ಥಿಕ ನೆರವಿನ ಒಪ್ಪಂದ ಒಂದೇ. ಅದು ಬರುವವರೆಗೆ ವೀಸಾಕ್ಕೂ ಓಡಬೇಡಿ, ಬ್ಯಾಂಕಿಗೂ ಓಡಬೇಡಿ. ಇಲ್ಲಿಯ ಆಟಗಾರರು ಲಕ್ಷಗಟ್ಟಲೆ ಡಾಲರ್ ಗಳಿಸುತ್ತಾರೆಂದು ಯಾರೋ ಹೇಳಿದ್ದು ಸುಳ್ಳಲ್ಲ. 2021ರ ಜುಲೈಯಿಂದ ಅವರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣ ಪಡೆಯಬಹುದು. ಆದರೆ ಎಫ್-1 ವಿದ್ಯಾರ್ಥಿ ವೀಸಾದ ಮೇಲೆ ಬಂದವರು ಆ ಹಣಕ್ಕೆ ಕೈಚಾಚಿದರೆ ವೀಸಾಕ್ಕೇ ಸಂಚಕಾರ ಬಂದೀತು. ಅದನ್ನು ಲೆಕ್ಕದಲ್ಲಿ ಹಿಡಿಯಲೇಬೇಡಿ. ಪೂರ್ಣ ಸ್ಕಾಲರ್‌ಶಿಪ್ ಆದರೆ ಶುಲ್ಕ, ವಸತಿ, ಊಟ ಅದರಲ್ಲೇ ಸೇರುತ್ತದೆ. ವೀಸಾದ 185 ಡಾಲರ್, ಅದರ ಜೊತೆಗಿನ ಸೆವಿಸ್ ಎಂಬ ವಿದ್ಯಾರ್ಥಿ ನೋಂದಣಿಯ 350 ಡಾಲರ್, ವಿಮಾನದ ಟಿಕೆಟ್ ನನ್ನ ಜವಾಬ್ದಾರಿ. ಸೋದರಮಾವ ಇರುವುದಾದರೂ ಏಕೆ?

ನನ್ನ ಬಗ್ಗೆ ಅಕ್ಕ ಸ್ವಲ್ಪವೂ ಚಿಂತೆ ಮಾಡಬಾರದು. ಕೆಲಸ ಗಟ್ಟಿಯಾಗಿದೆ, ಕೆಮ್ಮು ಪೂರ್ತಿ ಹೋಯಿತು, ಅದು ಕೆಮ್ಮೇ ಅಲ್ಲ, ಒಣಹವೆ ಅಷ್ಟೇ. ದಿನವೂ ಎರಡು ಹೊತ್ತು ಅನ್ನ ಸಾರು ಉಣ್ಣುತ್ತೇನೆ, ಮೊನ್ನೆ ದೋಸೆ ಹಿಟ್ಟು ಕೂಡ ಹುಳಿ ಬಂತು, ಮಾಘ ಮಾಸದಿಂದೀಚೆಗೆ ಇದೇ ಮೊದಲು. ಅಮ್ಮನ ಮೊಣಕಾಲಿನ ವಿಷಯ ಕೇಳಬೇಕಿತ್ತು, ಮುಂದಿನ ಪತ್ರದಲ್ಲಿ ವಿವರವಾಗಿ ಬರೆಯಿರಿ.

ಇಲ್ಲಿ ಮನೆ ಮುಂದಿನ ಅಂಚೆ ಡಬ್ಬಿಗೆ ಕಾಗದ ಹಾಕಿ ಅದರ ಕೆಂಪು ಬಾವುಟ ಎತ್ತಿಟ್ಟರೆ ಅಂಚೆಯವನೇ ಬಂದು ಒಯ್ಯುತ್ತಾನೆ. ಅವನ ಗಾಡಿ ಬೀದಿಯ ತಿರುವಿಗೆ ಬಂದೇಬಿಟ್ಟಿತು, ಇನ್ನೂ ಫೋಟೊ ತೆಗೆಯಬೇಕು, ಲಕೋಟೆಗೆ ಅಂಟು ಹಚ್ಚಬೇಕು. ಪಹಣಿಯನ್ನು ಬೀರುವಿನೊಳಗೆ ಇಡಿ. ನೂರು ಎಸೆತ, ಹಾಡಿಲ್ಲದೆ.

ಇಂತಿ ನಿಮ್ಮ,
ಮಂಜು