ಶಾಸಕರೇ, ಆ ಬೀಗ ತೆಗೆಸಿ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಮ್ಮ ಹಳೇ ತಾಲ್ಲೂಕು ಕಚೇರಿಯ ಕಟ್ಟಡದಲ್ಲಿ ಡಿಜಿಟಲ್ ಗ್ರಂಥಾಲಯ ಉದ್ಘಾಟಿಸಿದ್ದು ತಮಗೆ ನೆನಪಿರಬಹುದು. ಅವತ್ತು ಸಂಜೆ ಬಾಗಿಲಿಗೆ ಬಿದ್ದ ಬೀಗ ಇನ್ನೂ ಹಾಗೇ ಇದೆ. ಕಿಟಕಿಯಲ್ಲಿ ಇಣುಕಿದರೆ ಕಂಪ್ಯೂಟರುಗಳು ಪ್ಲಾಸ್ಟಿಕ್ ಹೊದ್ದು ಕೂತಿರುವುದು ಕಾಣುತ್ತದೆ. ಗೋಡೆ ಮೇಲೆ ತಮ್ಮ ಹೆಸರಿನ ಕಲ್ಲು ಮಾತ್ರ ಫಳಫಳ ಅನ್ನುತ್ತಿದೆ, ಅದನ್ನು ಯಾರೋ ಒರೆಸುತ್ತಿರಬೇಕು.

ಹೊಸದು ಬಂತೆಂದು ಬಾಡಿಗೆ ಕಟ್ಟಡದಲ್ಲಿದ್ದ ಹಳೇ ವಾಚನಾಲಯವನ್ನೂ ಮುಚ್ಚಿಬಿಟ್ಟರು. ಈಗ ನಾನು ಪೇಪರ್ ಓದುವುದು ಬಸ್ ನಿಲ್ದಾಣದ ಬೆಂಚಿನಲ್ಲಿ. ಹಾರ್ನ್ ಸದ್ದಿಗೆ ಓದುತ್ತಿದ್ದ ಸಾಲು ತಪ್ಪಿಹೋಗುತ್ತದೆ, ಮಳೆ ಬಂದರೆ ಅದೂ ಇಲ್ಲ. ನನ್ನದು ಹೇಗೋ ನಡೆಯುತ್ತದೆ ಅನ್ನಿ. ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೀಗ ಹಾಕಿದ ಅದೇ ಗ್ರಂಥಾಲಯದ ಜಗಲಿಯಲ್ಲಿ ಕೂತು ಓದುತ್ತಿದ್ದಾರೆ. ತಮ್ಮ ಕಾರು ಆ ರಸ್ತೆಯಲ್ಲೇ ಹೋಗುತ್ತದೆ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಹಳೇ ವಾಚನಾಲಯದ ಪುಸ್ತಕಗಳನ್ನು ಹೊಸ ಕಟ್ಟಡಕ್ಕೆ ಸಾಗಿಸುತ್ತೇವೆ ಅಂದಿದ್ದರು. ಸಾಗಿಸಿದರು, ಗುಜರಿಯವನ ಮಿನಿ ಟೆಂಪೊದಲ್ಲಿ. ನಾನು ಹೋಗುವ ಹೊತ್ತಿಗೆ ಮೈಸೂರು ಸಂಸ್ಥಾನದ ಕಾಲದ ಗೆಜೆಟ್ ಸಂಪುಟಗಳು, ವರ್ಷವಾರು ಬೈಂಡ್ ಮಾಡಿಸಿಟ್ಟ ಪತ್ರಿಕೆಗಳು ಸುತಲಿ ದಾರದಲ್ಲಿ ಕಟ್ಟಿಸಿಕೊಂಡು ನೆಲದ ಮೇಲೆ ಬಿದ್ದಿದ್ದವು. ಜಾಗ ಸಾಲದೆ ಟೆಂಪೊ ಮೇಲಿದ್ದ ಹುಡುಗ ಕಟ್ಟುಗಳನ್ನು ಕಾಲಲ್ಲಿ ತುಳಿದು ಒತ್ತುತ್ತಿದ್ದ. ಒಂದರ ಕ್ಯಾಲಿಕೊ ರಟ್ಟು ಕಿತ್ತು ಬಂದು, ಒಳಪುಟದಲ್ಲಿ ವಾಚನಾಲಯದ ನೇರಳೆ ಬಣ್ಣದ ಮೊಹರು ಕಾಣುತ್ತಿತ್ತು. ಪಟ್ಟಿ ಹಿಡಿದು ನಿಂತಿದ್ದ ಸಿಬ್ಬಂದಿಯನ್ನು ಕೇಳಿದೆ. "ಎಲ್ಲಾ ಡಿಜಿಟಲ್ ಆಗ್ತದಲ್ಲ ಸಾರ್, ಇನ್ಯಾಕೆ ಈ ರದ್ದಿ?" ಅಂದರು. ಹಾಗಾದರೆ ಇವನ್ನೆಲ್ಲ ಸ್ಕ್ಯಾನ್ ಮಾಡಿಸಿದ್ದೀರಾ ಅಂದೆ.

"ಅದು ಮುಂದಿನ ಟೆಂಡರ್ ಸಾರ್."

ಶಾಸಕರೇ, ತೂಕಕ್ಕೆ ಹಾಕಿದ ಮೇಲೆ ಮುಂದಿನ ಟೆಂಡರಿನಲ್ಲಿ ಏನನ್ನು ಸ್ಕ್ಯಾನ್ ಮಾಡುತ್ತಾರೆ? ತಕ್ಕಡಿಯನ್ನೇ? ತಮ್ಮ ಆಪ್ತರೊಬ್ಬರು "ಸರ್ಕಾರದ ಡಿಜಿಟಲ್ ಲೈಬ್ರರಿ ಮೊಬೈಲಿನಲ್ಲೇ ಇದೆಯಲ್ಲ, ಅದನ್ನೇ ನೋಡಿ" ಎಂದು ನನಗೆ ಬುದ್ಧಿ ಹೇಳಿದರು. ಇದೆ, ನೋಡಿದ್ದೇನೆ. ನಮ್ಮ ತಾಲ್ಲೂಕಿನ ಆ ಕಟ್ಟುಗಳು ಅದರಲ್ಲಿಲ್ಲ. ಮೊಬೈಲೇ ಸಾಕು ಅನ್ನುವುದಾದರೆ ಇಷ್ಟು ದುಡ್ಡು ಸುರಿದು ಆ ಕಟ್ಟಡ ರಿಪೇರಿ ಮಾಡಿಸಿದ್ದು ಯಾಕೆ?

ಆ ರಿಪೇರಿಯನ್ನಾದರೂ ನೆಟ್ಟಗೆ ಮಾಡಿದರೇ? ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿಸಿದ್ದಾರೆ. ಸುಣ್ಣದ ಗೋಡೆ ನೆಲದಿಂದ ಹೀರಿದ ತೇವವನ್ನು ಹೊರಗೆ ಬಿಡಬೇಕು, ಸಿಮೆಂಟ್ ಬಳಿದರೆ ಅದು ಒಳಗೇ ನಿಲ್ಲುತ್ತದೆ. ಈ ಮಳೆಗಾಲದಲ್ಲಿ ಬಣ್ಣ ಗುಳ್ಳೆ ಎದ್ದು, ಕೆಳಗೆ ಬಿಳಿ ಉಪ್ಪು ಮೂಡಿದೆ. ಸ್ವಿಚ್ ಬೋರ್ಡುಗಳಿರುವುದೂ ಅದೇ ಗೋಡೆಯಲ್ಲಿ. ವೈರುಗಳನ್ನು ಪೈಪಿನಲ್ಲಿ ಗೋಡೆ ಮೇಲೆಯೇ ಎಳೆಯಬಹುದಿತ್ತು, ಗೋಡೆಯನ್ನು ಉದ್ದಕ್ಕೂ ಕೊರೆದಿದ್ದಾರೆ. ಹಳೇ ಕಟ್ಟಡದಲ್ಲಿ ಗ್ರಂಥಾಲಯ ನಡೆಸುವುದು ಕಷ್ಟವೆಂದು ಯಾರಾದರೂ ತಮಗೆ ಹೇಳಿದ್ದರೆ ಅವರನ್ನು ಕಬ್ಬನ್ ಪಾರ್ಕಿಗೆ ಕಳಿಸಿ. ದಿವಾನ್ ಶೇಷಾದ್ರಿ ಅಯ್ಯರ್ ನೆನಪಿಗೆ 1915ರಲ್ಲಿ ಕಟ್ಟಿದ ಕೆಂಪು ಕಟ್ಟಡದಲ್ಲೇ ರಾಜ್ಯ ಕೇಂದ್ರ ಗ್ರಂಥಾಲಯವಿದೆ.

ಕಾನೂನು ನಾನು ಹೇಳಿಕೊಡಬೇಕಾಗಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ತಮ್ಮ ಸದನದ್ದೇ. ಅದರ ಹೆಸರಿನಲ್ಲಿ ಆಸ್ತಿ ತೆರಿಗೆ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ನಮ್ಮಿಂದ ವಸೂಲಾಗುತ್ತಿದೆ. ಬಾಗಿಲಿಗೆ ಬೀಗ ಹಾಕಿದ ವರ್ಷ ಕರಕ್ಕೇನೂ ಬೀಗ ಬೀಳಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ತಮಗೆ ಗೊತ್ತು. ಆದರೂ ಬಾಗಿಲ ಮುಂದೆ ಮೊಣಕಾಲೆತ್ತರದ ಕಲ್ಲಿನ ಮೆಟ್ಟಿಲುಗಳೇ ಇವೆ, ಇಳಿಜಾರು ದಾರಿ ಇಲ್ಲ.

ಕೇಳಿದಾಗಲೆಲ್ಲ ಸಿಗುವ ಉತ್ತರ, "ಗ್ರಂಥಪಾಲಕರ ಹುದ್ದೆ ಮಂಜೂರಾಗಿಲ್ಲ." ಹುದ್ದೆ ಇಲ್ಲದೆ ಉದ್ಘಾಟನೆ ಹೇಗೆ ಮಂಜೂರಾಯಿತು ಸ್ವಾಮಿ? ಅಲ್ಲಿಯವರೆಗೆ ಹಳೇ ವಾಚನಾಲಯದ ಸಹಾಯಕರನ್ನೇ ಕೂರಿಸಿ. ಕಂಪ್ಯೂಟರ್ ಆಮೇಲೆ ನೋಡೋಣ, ಮೊದಲು ಎರಡು ಬೆಂಚು, ನಾಲ್ಕು ಪೇಪರ್ ಹಾಕಿಸಿ. ಬೀಗ ತೆಗೆಸಿ.

ಗುಜರಿಗೆ ಹೋದ ಪುಸ್ತಕಗಳ ಪಟ್ಟಿ, ವಿಲೇವಾರಿಗೆ ಸಹಿ ಹಾಕಿದವರ ಹೆಸರು, ಸಿಮೆಂಟ್ ಕೆಲಸದ ಅಂದಾಜು ಪಟ್ಟಿ ಇವಿಷ್ಟನ್ನೂ ಕೇಳಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದೇನೆ. ಕಾಯ್ದೆ ಪ್ರಕಾರ 30 ದಿನದಲ್ಲಿ ಉತ್ತರ ಬರಬೇಕು. ಅದು ಬರುವ ಮೊದಲೇ ತಾವು ಕೀ ತರಿಸಿದರೆ ಸಂತೋಷ. ಕೀ ಯಾರ ಬಳಿ ಇದೆ ಎಂದು ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲವಂತೆ. ಸಿಗದಿದ್ದರೆ ಬೀಗ ಒಡೆಸಿ, ಹೊಸ ಬೀಗದ ದುಡ್ಡು ನಾನು ಕೊಡುತ್ತೇನೆ.

ಇತಿ,
ಗ್ರಂಥಾಲಯ ಕರ ಬಾಕಿ ಉಳಿಸಿಕೊಳ್ಳದ ಒಬ್ಬ ಮತದಾರ